ಇಲಿಜಾಬಾಯಿ ತುರುಬು

ಕನ್ನಡಿಯಲ್ಲಿ ಮುತ್ತು ಹೊಳೆಯಿತು, ಎರಡು ಹುಬ್ಬುಗಳ ನಟ್ಟನಡುವೆ, ನೂಲು ಹಿಡಿದು ಇಳಿಬಿಟ್ಟ ಹಾಗೆ, ಎಳ್ಳಿನಷ್ಟೂ ಆ ಕಡೆ ಇಲ್ಲ ಈ ಕಡೆ ಇಲ್ಲ, ಹಾಳು ಮುತ್ತು, ಅಷ್ಟು ನೆಟ್ಟಗೆ ನಿಲ್ಲು ಎಂದು ಅದಕ್ಕೆ ಯಾರು ಹೇಳಿದರು — ಶಕುಂತಲಾಬಾಯಿ ಪಿನ್ನುಗಳ ತಾಟು ಹಿಡಿದು ಮದುಮಗಳ ಹಿಂದೆ ನಿಂತಿದ್ದಾಳೆ, ತಾಟು, ಶಕುಂತಲಾಬಾಯಿಯ ಕೈಯಲ್ಲಿ ತಾಟು, ಜಹೀರಾಬಾದಿನಿಂದ ತಾಂಡೂರಿನ ತನಕ, ತಾಂಡೂರಿನಿಂದ ಈ ನಾರಾಯಣಖೇಡದ ತನಕ ಯಾವ ಊರಿನಲ್ಲಿ ಲಗ್ನದ ಹಂದರ ಎದ್ದರೂ ಮೊದಲು ಅಯ್ಯನವರಿಗೆ ಹೇಳಿಕಳಿಸಬೇಕು, ಆಮೇಲೆ ಅವಳಿಗೆ, ಬಹಳ ಮಂದಿ ಅಯ್ಯನವರನ್ನೇ ಆಮೇಲೆ ಇಡುತ್ತಿದ್ದರು, ಅಂಥ ಕೈಯಲ್ಲಿ ಈಗ ತಾಟು. ದೌಲತಾಬಾದಿನ ಮದುಮಗಳ ಬಂಡಿ ಹಳ್ಳದಲ್ಲಿ ಮಗುಚಿ ಬಿತ್ತಲ್ಲ, ಎತ್ತಿನ ಕಾಲು ಮುರಿಯಿತು, ಸೋದರಮಾವನ ಮುಂದಿನ ಹಲ್ಲು ಹೋದವು, ಮದುಮಗಳ ತಲೆಯಿಂದ ಒಂದು ಮಲ್ಲಿಗೆ ಎಸಳು ಉದುರಲಿಲ್ಲ, ಯಾಕೆಂದರೆ ಹೆರಳು ಹಾಕಿದವಳು ಶಕುಂತಲಾಬಾಯಿ. ಸಿರ್ಗಾಪುರದ ಪಟೇಲರ ಮಗಳು ಲಗ್ನದ ಹೆರಳನ್ನು ಚೊಚ್ಚಲ ಬಸಿರಿನ ತನಕ ಬಿಚ್ಚಲೇ ಇಲ್ಲವಂತೆ — ನಡುವೆ ಬಿಚ್ಚಿದ್ದರೂ ಬಿಚ್ಚಿರಬಹುದು, ಹೇಳುವಾಗ ಹೀಗೆ ಹೇಳಿದರೇ ಚಂದ. ಅಕ್ಕಾ, ಒಂದು ಸಣ್ಣ ಪಿನ್ನು ಕೊಡ್ರಿ. ಕೊಟ್ಟಳು. ಕೇಳಿದವಳು ಸುಮಿತ್ರಾಬಾಯಿ, ನೆಗೆಣ್ಣಿ, ಮೈದುನ ಬಂಡೆಪ್ಪನ ಹೆಂಡತಿ, ತಾಂಡೂರಿನ ಸ್ಟೇಷನ್ನಿನ ಪಕ್ಕದಲ್ಲಿ ಮನೆ ಮಾಡಿ ದಿನಾ ಮೇಲ್ ಗಾಡಿಯ ಹೊಗೆ ಕುಡಿದು ಕುಡಿದು ಅರ್ಧ ಮೇಮಸಾಬಿ ಆದವಳು, ಬಾಚಣಿಗೆಯನ್ನು ಹಿಡಿಯುವುದು ನೋಡು, ಸೌಟು ಹಿಡಿದಂತೆ, ಇವಳು ಈ ತಲೆಗೆ ಒಗ್ಗರಣೆ ಹಾಕುತ್ತಾಳೋ ಹೆರಳು ಹಾಕುತ್ತಾಳೋ. ಜರಾ ದೊಡ್ಡದು ಕೊಡ್ರಿ ಅಕ್ಕ. ಜರಾ ದೊಡ್ಡದನ್ನೂ ಕೊಟ್ಟಳು. ಕನ್ನಡಿಯೊಳಗೆ ಮುತ್ತು ನೆಟ್ಟಗೆ.

ತಲೆ ತನ್ನದು. ಕೂದಲು ಮದುಮಗಳು ಶಾಂತಾಳದ್ದು ಇರಬಹುದು, ಕೂದಲು ಯಾರದ್ದಾದರೂ ಆಗಿರಲಿ, ತಲೆ ಶಕುಂತಲಾಬಾಯಿಯದು. ಲಗ್ನವಾಗಿ ಗಂಡ ವೀರಪ್ಪನ ಮನೆಯ ಹೊಸಿಲು ತುಳಿದ ಹೊಸದರಲ್ಲಿ, ಅಕ್ಕಿಯ ಸೇರು ಒದ್ದ ಕಾಲಿನ ನೋವು ಇನ್ನೂ ಹೋಗಿರಲಿಲ್ಲ, ಅತ್ತೆ ಮಾಳಮ್ಮ ಮೂಗು ಸುರಿಸುವ ಈ ಹುಡುಗಿಯನ್ನು ಎತ್ತಿ ಅವಳ ತೊಡೆಯ ಮೇಲೆ ಕೂರಿಸಿದ್ದಳು, ತಗೋವಾ, ನಿನ್ನ ನಾದಿನಿ, ಇದರ ತಲಿ ನನ್ನ ಕೈಗೆ ಹತ್ತಂಗಿಲ್ಲ, ನಿನ್ನ ಕೈಗರ ಹತ್ತತದೇನು ನೋಡು. ಹತ್ತಿತು. ಹತ್ತುವ ತನಕ ಮುರಿದ ಬಾಚಣಿಗೆಯ ಹಲ್ಲುಗಳನ್ನು ಕೂಡಿಸಿದ್ದರೆ ಬೊಚ್ಚು ಬಾಯಿಯ ಆನೆಯೊಂದಕ್ಕೆ ಬಾಯಿ ತುಂಬ ಹಲ್ಲು ಕಟ್ಟಬಹುದಿತ್ತು, ಸುರಿದ ಎಣ್ಣೆ ಎಷ್ಟು ಗಾಣದ್ದೋ, ಶಾಂತಾ ಕಿರುಚಿದರೆ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುತ್ತಿತ್ತು, ಗಾರ್ಡನು ಹಸಿರು ಝಂಡಾ ತೋರಿಸುವುದನ್ನು ಮರೆಯುತ್ತಿದ್ದ. ಆಗ ಸಿಕ್ಕಿತು ಅವಳಿಗೆ ಆ ಸುಳಿ. ನೆತ್ತಿಗಿಂತ ಕೊಂಚ ಕೆಳಗೆ, ಎಡಗಿವಿಯ ಕಡೆಗೆ ಇಳಿದು ಒಂದು ಸುಳಿ, ಮಾಂಜರಾ ಹೊಳೆಯಲ್ಲಿ ಎಮ್ಮೆಯನ್ನೇ ನುಂಗುವಂಥ ಸುಳಿ, ತಲೆಯ ಕೂದಲೆಲ್ಲ ಆ ಕಡೆಗೇ ಹೊರಟು ನಿಂತಿರುತ್ತದೆ, ಬಲಕ್ಕೆ ಬಾಚಿದರೂ ಎಡಕ್ಕೆ, ಹಿಂದಕ್ಕೆ ಬಾಚಿದರೂ ಎಡಕ್ಕೆ. ಹೆತ್ತ ತಾಯಿಗೆ ಗೊತ್ತಿಲ್ಲದ ಸುಳಿ. ಸುಮಿತ್ರಾಳಿಗೆ ಎಲ್ಲಿಂದ ಗೊತ್ತು, ಅವಳು ಕಲಿತದ್ದು ಬೋರಲು ಹಾಕಿದ ತಾಮ್ರದ ಕೊಡದ ಮೇಲೆ, ಕೊಡಕ್ಕೆ ಸೆಣಬು ಅಂಟಿಸಿ, ಕೊಡಕ್ಕೆ ಸುಳಿ ಇರುತ್ತದೆಯೇ. ನೋವಾತೇನ್ ಶಾಂತಾ, ಎನ್ನುತ್ತಾಳೆ ಸುಮಿತ್ರಾ. ಇಲ್ರೀ ಸಣ್ಣ ವೈನಿ, ನಿಮ್ಮ ಕೈ ಹೂ ಇದ್ದಂಗ ಅದ, ಎನ್ನುತ್ತಾಳೆ ಶಾಂತಾ, ಕಣ್ಣು ಮುಚ್ಚಿಕೊಂಡು. ಹೂವಂತೆ. ಅಂದರೆ ದೊಡ್ಡ ವೈನಿಯ ಕೈ ಏನು, ಮುಳ್ಳೇ, ಕುಂಟೆಯೇ, ಇಷ್ಟು ವರ್ಷ ಆ ತಲೆಯ ಮೇಲೆ ಹೊಲ ಹರಗಿದಳೇ.

ಡಬ್ಬಿ, ಎಲ್ಲ ಆ ಡಬ್ಬಿಯಿಂದ. ದಸರೆಗೆ ಬಂದ ಸುಮಿತ್ರಾ ಸೆರಗಿನಲ್ಲಿ ಮುಚ್ಚಿ ತಂದು ಪಡಸಾಲೆಯ ನಡುವೆ ಇಟ್ಟಳು, ಬಿಸ್ಕೀಟಿನ ತಗಡಿನ ಡಬ್ಬಿ, ಬಿಸ್ಕೀಟು ರೈಲ್ವೆ ಸಾಹೇಬನ ಹೊಟ್ಟೆಗೆ, ಡಬ್ಬಿ ಅವನ ಕೈಕೆಳಗಿನ ಬಂಡೆಪ್ಪನಿಗೆ, ಮುಚ್ಚಳದ ಮೇಲೆ ಒಬ್ಬ ಹೆಂಗಸಿನ ತಸಬೀರು. ಕೆಂಪು ಕೂದಲು ಹಣೆಯಿಂದ ಮೇಲಕ್ಕೆ ಗುಡ್ಡದಂತೆ ಎದ್ದಿದೆ, ಎಡಕ್ಕೊಂದು ಗುಡ್ಡ ಬಲಕ್ಕೊಂದು ಗುಡ್ಡ, ನಡುವೆ ತಗ್ಗು, ಗುಡ್ಡದ ತುಂಬ ಮುತ್ತು, ತಗ್ಗಿನಿಂದ ಒಂದೇ ಒಂದು ಮುತ್ತು ಹಣೆಗೆ ಇಳಿದಿದೆ, ಕೊರಳಿನ ಸುತ್ತ ನೆರಿಗೆ ನೆರಿಗೆಯ ಬಿಳಿ ಅರಿವೆ, ಊಟದ ತಾಟಿನಷ್ಟು ಅಗಲ. ಹಿಂದಕ ವಿಲಾಯತಿಯಾಗ ರಾಣಿ ಆಗಿದ್ಳಂತವ್ವಾ, ಮುನ್ನೂರೋ ನಾನೂರೋ ವರ್ಷ ಆತು, ಹೆಸರು ಇಲಿಜಾ... ಇಲಿಜಾಬೆತ್ತನೋ ಏನೋ, ಎಂದ ಬಂಡೆಪ್ಪ. ಹೆಣ್ಮಗಳಿಗೆ ಬೆತ್ತ ಯಾಕೋ, ಇಲಿಜಾಬಾಯಿ ಅನ್ನು ಸಾಕು, ಎಂದಳು ಮಾಳಮ್ಮ, ದಾರ ಕಟ್ಟಿದ ಚಾಳೀಸನ್ನು ಕಿವಿಗೆ ಸುತ್ತಿಕೊಂಡಳು, ಡಬ್ಬಿಯನ್ನು ಮೂಗಿನ ತನಕ ತಂದಳು, ತಂದವಳು ಕೈ ಮುಗಿದಳು. ಮುಖದ ತುಂಬಾ ವಿಭೂತಿ ಹಚ್ಕೊಂಡಾಳ ನೋಡ್ರೆ, ನಾವು ಹಣಿಗಷ್ಟೇ ಹಚ್ತೀವಿ, ಈಕಿ ಗಲ್ಲಕ್ಕ, ಗದ್ದಕ್ಕ, ಎಲ್ಲಾ ಕಡಿ, ಎದಿಮ್ಯಾಲ ನೋಡು, ಬಂಗಾರದ ಕರಡಿಗಿ, ಲಿಂಗ ಕಟ್ಕೊಂಡಾಳ, ನಮ್ಮಾಕಿ ಇದಾಳ ಈ ರಾಣಿ. ಅವ್ವಾ ಅದು ಪೌಡರು, ಅದು ಪದಕ, ಎಂದ ಬಂಡೆಪ್ಪ. ತಾಂಡೂರಿನಾಗ ಗಾಡಿ ಡಬ್ಬಿಗೆ ಕಲ್ಲು ತುಂಬ್ಸಾಂವ ನೀ, ನಿನಗ ಪದಕ ಯಾವುದು ಕರಡಿಗಿ ಯಾವುದು ಹ್ಯಾಂಗ ತಿಳೀತದ. ಮುಗಿಯಿತು. ಆ ಹೊತ್ತು ಮುದುಕಿಯ ಚಾಳೀಸು ಒಡೆದುಹೋಗಿದ್ದರೆ, ಆ ಬಿಳಿ ಬಣ್ಣ ವಿಭೂತಿಯಾಗದೆ ಪೌಡರೇ ಆಗಿದ್ದರೆ, ಪರದೇಶಿ ಹೆಂಗಸಿನ ತುರುಬು ನಮ್ಮ ಹುಡುಗಿಯ ತಲೆಗೆ ಯಾಕೆ ಎಂದು ಅಲ್ಲಿಗೇ ಡಬ್ಬಿಯಲ್ಲಿ ಮೆಂತ್ಯ ತುಂಬುತ್ತಿದ್ದರು. ಶರಣೆಯ ತುರುಬಿಗೆ ಬೇಡವೆನ್ನುವವರು ಯಾರು. ಅವ್ವಾ, ನನ್ನ ಲಗ್ನದಾಗ ಹಿಂಗೇ ಮಾಡ್ಕೋತೀನಿ, ಎಂದಳು ಶಾಂತಾ, ನಾರಾಯಣಖೇಡದ ರೇವಪ್ಪನ ಮನೆಗೆ ಅಡಿಕೆ ಒಡೆದು ನಿಶ್ಚಯ ಆಗಿತ್ತು, ಅವನು ಹೈದರಾಬಾದಿನಲ್ಲಿ ವಕೀಲಿ ಕಲಿತವನು, ಅಲ್ಲಿಯ ಸಿನೆಮಾ ಕಂಡವನು, ಅವನ ಮುಂದೆ ಹಳ್ಳಿಯವಳಂತೆ ಕೂರಬಾರದು. ಶಕುಂತಲಾಬಾಯಿ ಬಾಚಣಿಗೆಗೆ ಕೈ ಚಾಚಿದ್ದಳು, ಚಾಚಿದ ಕೈ ಗಾಳಿಯಲ್ಲೇ ಇದ್ದಾಗ ಶಾಂತಾ ಎಂದದ್ದು, ನೀವು ಬ್ಯಾಡ್ರಿ ದೊಡ್ಡ ವೈನಿ, ನಿಮ್ಮ ಹೆರಳು ಊರಾಗ ಎಲ್ಲಾರ ತಲಿಮ್ಯಾಲೂ ಅದ, ಸಣ್ಣ ವೈನಿ ಹಾಕ್ಲಿ, ಬ್ಯಾರೆ ಇರ್ಲಿ. ಎಲ್ಲರ ತಲೆಯ ಮೇಲೂ ಇದೆ. ಇಷ್ಟು ವರ್ಷ ಅವಳು ಎದೆಯುಬ್ಬಿಸಿ ಹೇಳಿಕೊಂಡು ಬಂದ ಮಾತು ಅದೇ, ಅದೇ ಮಾತಿನಿಂದ ಹೊಡೆದಳಲ್ಲ ಹುಡುಗಿ.

ಕೊರಳ ಸುತ್ತಲಿನ ನೆರಿಗೀನೂ ಮಾಡೋಣ್ರಿ ಅತ್ತಿ, ಮಲಮಲ್ ಅರಿವಿಗೆ ಗಂಜಿ ಹಾಕಿ ನಿಂದರಸ್ತೀನಿ, ಎಂದಿದ್ದಳು ಸುಮಿತ್ರಾ. ತಾಳಿ ಎಲ್ಲಿ ಕಟ್ಟಬೇಕವಾ ಅಳಿಯ, ಆ ತಾಟಿನ ಮ್ಯಾಲೇನು, ಎಂದಳು ಮಾಳಮ್ಮ, ಎಲ್ಲರೂ ನಕ್ಕರು, ತಾಟು ಹೋಯಿತು. ತಾಳಿಗೆ ಜಾಗ ಬೇಕು ಎಂದು ನೆನಪಾದ ಮುದುಕಿಗೆ ಜೀರಿಗೆ ಬೆಲ್ಲಕ್ಕೆ ಜಾಗ ಬೇಕು ಎಂದು ನೆನಪಾಗಲಿಲ್ಲ, ಹಂದರದಲ್ಲಿ ಮದುಮಗ ಅರೆದ ಜೀರಿಗೆ ಬೆಲ್ಲವನ್ನು ವೀಳ್ಯದೆಲೆಯಲ್ಲಿಟ್ಟು ಮದುಮಗಳ ನೆತ್ತಿಯ ಮೇಲೆ ಅಂಗೈಯಿಂದ ಒತ್ತುತ್ತಾನಲ್ಲ, ಎಲ್ಲಿ ಒತ್ತುತ್ತಾನೆ, ಈ ಗುಡ್ಡದ ಮೇಲೆಯೇ ತಾನೇ. ಶಕುಂತಲಾಬಾಯಿಗೆ ಆ ಕ್ಷಣವೇ ಹೊಳೆದಿತ್ತು. ಹೇಳಲಿಲ್ಲ, ಕೇಳಿದವರು ಯಾರು. ಒಂದೇ ಮಾತು ಬಾಯಿ ಜಾರಿ ಬಂತು, ಅದೂ ತಡೆಯಲಾರದೆ — ಶಾಂತಾ ರಾಣಿಯ ತಲೆಯ ಹಿಂಭಾಗ ಹೇಗಿದೆ ನೋಡೋಣ ಎಂದು ಡಬ್ಬಿಯ ಮುಚ್ಚಳವನ್ನು ತಿರುವಿ ಹಾಕಿದಳು, ಹಿಂದೆ ಬರೀ ತಗಡು, ಬಿಸ್ಕೀಟಿನ ಚೂರು ಅಂಟಿದ ತಗಡು, ಎಲ್ಲರೂ ಆ ತಗಡನ್ನೇ ನೋಡುತ್ತ ಪೆಚ್ಚಾದರು, ಆಗ ಇವಳು, ಮುಂದ ಆಕೀದು ಇರ್ಲಿ, ಹಿಂದ ನಮ್ದೇ ನಾಗಮುರಿ ತುರುಬು ಇರ್ಲಿ, ಮೊಗ್ಗು ಸುತ್ತಿ. ಅಷ್ಟೇ. ರಾಣಿಯ ಅರ್ಧ ತಲೆಯನ್ನು ಇವಳು ಹುಟ್ಟಿಸಿದಳು, ವಿಲಾಯತಿಯ ಚಿತ್ರಗಾರನಿಗೇ ಗೊತ್ತಿರದ ಅರ್ಧ. ಮರುದಿನ ಅದು ಸುಮಿತ್ರಾಳ ಬಾಯಲ್ಲಿತ್ತು, ಹಿಂದ ನಾಗಮುರಿ ಇಡಬೇಕಂತ ನಾ ಮಾಡೀನಿ.

ಲಗ್ನಕ್ಕೆ ಮುಂಚೆ ಒಂದು ಮಧ್ಯಾಹ್ನ, ಮನೆಯವರೆಲ್ಲ ಉಂಡು ಮಲಗಿದಾಗ, ಜೋಳದ ಚೀಲಗಳ ಕೋಣೆಯಲ್ಲಿ ಪಾತ್ರೆ ತೊಳೆಯುವ ಸಾಯಮ್ಮನನ್ನು ಕೂರಿಸಿಕೊಂಡು ಅವಳು ಇಲಿಜಾಬಾಯಿಯನ್ನು ಬಿಚ್ಚಿ ನೋಡಿದ್ದು ಯಾರಿಗೆ ಗೊತ್ತು. ಗೋಡೆ ಕಟ್ಟುವವನು ಕೋಟೆಯನ್ನು ನೋಡುವ ಹಾಗೆ ನೋಡಿದಳು. ಅದು ಗುಡ್ಡವಲ್ಲ, ತಲೆಕೆಳಗಾದ ವೀಳ್ಯದೆಲೆ, ತೊಟ್ಟಿನ ಜಾಗದಲ್ಲಿ ತಗ್ಗು, ಎರಡು ಕಡೆ ಎಲೆಯ ಹೆಗಲು, ಹೆಗಲು ಬರೀ ಕೂದಲಿನಿಂದ ಏಳುವುದಿಲ್ಲ, ಒಳಗೆ ಏನೋ ಇದೆ, ಏನು, ಹತ್ತಿಗೆ ಕರಿ ಅರಿವೆ ಸುತ್ತಿ ಬದನೆಕಾಯಿಯಷ್ಟು ದಪ್ಪದ ಎರಡು ಉಂಡೆ ಮಾಡಿದಳು, ಕೂದಲನ್ನು ಹಣೆಯಿಂದ ಹಿಂದಕ್ಕೆ ತಂದು ಬದನೆಕಾಯಿಗಳನ್ನು ಹೂತಳು, ಎದ್ದಿತು ಎಲೆ, ಎದ್ದದ್ದು ಹಾಗೇ ಕುಸಿಯಿತು, ಮತ್ತೆ ಎಬ್ಬಿಸಿದಳು, ಮತ್ತೆ ಕುಸಿಯಿತು, ಆಗ ತವರಿನಿಂದ ತಂದ ಬೆಳ್ಳಿ ಕಡ್ಡಿ ನೆನಪಾಯಿತು, ಗೇಣುದ್ದ, ತುದಿಯಲ್ಲಿ ಜೋಳದ ಕಾಳಿನಷ್ಟು ಗುಂಡು, ಅದನ್ನು ಈ ಬದನೆಕಾಯಿಯಿಂದ ಆ ಬದನೆಕಾಯಿಗೆ ಅಡ್ಡಲಾಗಿ ತೂರಿಸಿದಳು, ಮನೆಗೆ ತೊಲೆ ಇಟ್ಟ ಹಾಗೆ. ನಿಂತಿತು. ಮೇಲೆ ನೀರು ತುಂಬಿದ ಚೆಂಬು ಇಟ್ಟಳು, ನಿಂತಿತು, ಸಾಯಮ್ಮ ಎದ್ದು ಕೋಣೆ ಸುತ್ತಿ ಬಂದಳು, ಚೆಂಬು ಅಲುಗಲಿಲ್ಲ, ಆನೆ ಹತ್ತಿಸಿದ್ದರೂ ನಿಲ್ಲುತ್ತಿತ್ತು, ಜಹೀರಾಬಾದಿನಲ್ಲಿ ಆನೆ ಇರಲಿಲ್ಲ ಅಷ್ಟೇ. ಅವ್ವಾರೆ, ನಾ ಕನ್ನಡಿ ನೋಡ್ಲೇನ್ರಿ, ಎಂದಳು ಸಾಯಮ್ಮ, ನೋಡಿದಳು, ನನ್ನ ಗಂಡ ಇದ್ದಿದ್ರ ಹೆದರಿ ಇನ್ನೊಮ್ಮಿ ಸಾಯ್ತಿದ್ದ್ರಿ, ಎಂದಳು. ಅವಳ ಬಾಯಿಯೇ ಸುಮಿತ್ರಾಳಿಗೆ ಬದನೆಕಾಯಿಯ, ಕಡ್ಡಿಯ ಸುದ್ದಿ ಹೊತ್ತದ್ದು, ಇನ್ಯಾರು. ಇಲ್ಲದಿದ್ದರೆ ಬಂಡಿ ಹತ್ತುವ ಮುಂದೆ ಸುಮಿತ್ರಾ ಯಾಕೆ ಹೇಳುತ್ತಿದ್ದಳು, ಅಕ್ಕಾ, ನಿಮ್ಮ ಬೆಳ್ಳಿ ಕಡ್ಡಿ ತರೋದು ಮರೀಬ್ಯಾಡ್ರಿ, ನಡುವ ಹಾಕಾಕ ಬೇಕಾದೀತು. ಬೇಕಾದೀತಂತೆ. ಬೆಳ್ಳಿ ಇವಳದು, ತೊಲೆ ಇವಳದು, ಮನೆ ಸುಮಿತ್ರಾಳದು.

ಅಕ್ಕಾ, ಈಗ ಆ ಕಡ್ಡಿ ಕೊಡ್ರಿ. ಸುಮಿತ್ರಾಳ ಕೈ ಹಿಂದಕ್ಕೆ ಚಾಚಿದೆ, ಮುಖ ಕನ್ನಡಿಯ ಕಡೆ, ಬಾಯಲ್ಲಿ ಪಿನ್ನು ಕಚ್ಚಿದ್ದಾಳೆ. ಕಡ್ಡಿ ತಾಟಿನಲ್ಲಿಲ್ಲ. ಬೆಳಗ್ಗೆ ಸ್ನಾನವಾಗಿ ತುರುಬು ಕಟ್ಟುವಾಗ ಶಕುಂತಲಾಬಾಯಿ ಅದನ್ನು ತನ್ನ ತುರುಬಿನೊಳಗೇ ಚುಚ್ಚಿಕೊಂಡಿದ್ದಳು, ಪೆಟ್ಟಿಗೆಯಲ್ಲಿಟ್ಟರೆ ಎಲ್ಲರೂ ಕೈ ಹಾಕುವ ಪೆಟ್ಟಿಗೆ, ಬೀಗರ ಊರು, ತಲೆಯ ತುಂಬ ಸೆರಗು ಹೊದ್ದರೆ ದೇವರಿಗೂ ಕಾಣದು. ಆಗಿನ್ನೂ ಕೊಡಬಾರದು ಎಂದು ಇರಲಿಲ್ಲ, ಕೇಳಿದಾಗ ಕೊಡೋಣ ಎಂದೇ ಇತ್ತು, ಎರಡು ಸಲ ಕೇಳಲಿ, ಜರಾ ಬೇಡಿಕೊಳ್ಳಲಿ, ಆಮೇಲೆ ತಾನೇ ಕೈಯಾರೆ ತೂರಿಸಿ, ಹಿಂಗ ನೋಡವಾ ಅನ್ನೋಣ ಎಂದು. ಆದರೆ ನಿಮ್ಮ ಕೈ ಹೂ ಇದ್ದಂಗ ಅದ ಎಂದಳಲ್ಲ ಶಾಂತಾ, ಕಣ್ಣು ಮುಚ್ಚಿಕೊಂಡು. ಮರತು ಬಂದೀನವಾ, ಜಹೀರಾಬಾದಿನಾಗೇ ಉಳೀತು ನೋಡು. ಮಾತು ಬಂದೇಬಿಟ್ಟಿತು, ಎಷ್ಟು ಸಲೀಸಾಗಿ ಬಂತು, ಎಣ್ಣೆ ಹಚ್ಚಿದ ಕೂದಲಿನಲ್ಲಿ ಬಾಚಣಿಗೆ ಇಳಿದ ಹಾಗೆ. ಸುಮಿತ್ರಾ ಕನ್ನಡಿಯೊಳಗಿಂದ ಒಂದು ಸಲ ನೋಡಿದಳು. ಇರ್ಲಿ ಬಿಡ್ರಿ, ಸಣ್ಣ ಪಿನ್ನೇ ನಾಕು ಹೆಚ್ಚು ಹಾಕ್ತೀನಿ. ಹಾಕು, ತಾಯಿ, ಹಾಕು, ತಾಟು ತುಂಬ ಇವೆ, ಸಣ್ಣ ಪಿನ್ನಿನಿಂದ ಸುಳಿಯನ್ನು ಕಟ್ಟಿಹಾಕು. ಸೆರಗಿನ ಕೆಳಗೆ ಕಡ್ಡಿಯ ಮೊನೆ ನೆತ್ತಿಗೆ ತಾಗುತ್ತಿತ್ತು, ತಣ್ಣಗೆ. ಮುತ್ತು ನಟ್ಟನಡುವೆ, ನೆಟ್ಟಗೆ. ನಿಲ್ಲು ಮಗಳೇ, ಇನ್ನೊಂದು ತಾಸು.

ಹಂದರದಲ್ಲಿ ಬಾಜಾ ಬಜಂತ್ರಿ, ನಾರಾಯಣಖೇಡದ ಅರ್ಧ ಊರು, ಉಳಿದರ್ಧ ಗೋಡೆಯ ಮೇಲೆ, ಹೆಂಗಸರೆಲ್ಲ ಶಾಂತಾಳ ತಲೆಯನ್ನೇ ನೋಡುತ್ತಿದ್ದಾರೆ, ಅಯ್ಯನವರ ಮಂತ್ರ ಯಾರ ಕಿವಿಗೂ ಇಲ್ಲ, ಅಯ್ಯನವರೇ ಎರಡು ಸಲ ನಿಲ್ಲಿಸಿ ನೋಡಿದರು, ಮೆಹಂದಿ ಹಚ್ಚಿದ ಕೂದಲು ಬಿಸಿಲಿಗೆ ತಾಮ್ರದಂತೆ, ಮುತ್ತಿನ ಸಾಲು, ಎಲೆಯ ಹೆಗಲು, ಹಣೆಯ ಮೇಲೆ ಬೆರಳಗಲದ ವಿಭೂತಿ, ಅದರ ಕೆಳಗೆ ಆ ಒಂದು ಮುತ್ತು — ಚಂದ ಇತ್ತು, ಸುಳ್ಳು ಯಾಕೆ, ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಷ್ಟು ಚಂದ ಇತ್ತು. ಯಾರು ಮಾಡ್ಯಾರ್ರಿ ಈ ತಲಿ. ನಮ್ಮ ಸಣ್ಣ ಸೊಸಿ, ತಾಂಡೂರಿನಾಕಿ, ಎನ್ನುತ್ತಿದ್ದಾಳೆ ಮಾಳಮ್ಮ, ಕೇಳಿದವರಿಗೂ ಕೇಳದವರಿಗೂ. ತಾಳಿ ಕಟ್ಟುವ ತನಕ ಮದುಮಗಳು ಗಂಡನ ಬಲಕ್ಕೆ ಕೂರಬೇಕು, ಶಾಂತಾ ಬಲಕ್ಕೆ, ರೇವಪ್ಪ ಅವಳ ಎಡಕ್ಕೆ, ಶಕುಂತಲಾಬಾಯಿ ಕಳಸದ ತಟ್ಟೆ ಹಿಡಿದು ಎದುರಿಗೆ, ಇವತ್ತು ತಟ್ಟೆ ಹಿಡಿಯುವುದೇ ಹಣೆಬರಹ. ಜೀರಿಗೆ ಬೆಲ್ಲ ಬಂತು. ರೇವಪ್ಪ ಎಲೆಯನ್ನು ಎತ್ತಿದ, ಎಲ್ಲಿಡಬೇಕು ಎಂದು ತಿಳಿಯದೆ ಅಯ್ಯನವರನ್ನು ನೋಡಿದ, ನೆತ್ತಿಮ್ಯಾಲ್ರಿ, ಎಂದರು ಅಯ್ಯನವರು, ವಕೀಲ ಗುಡ್ಡದ ಮೇಲೆ ಅಂಗೈ ಇಟ್ಟ, ಒತ್ತಿರಿ, ಗಟ್ಟಿ ಒತ್ತಬೇಕು, ಜೀವನ ಪರ್ಯಂತ ಹತ್ತಿಕೊಂಡಿರಬೇಕು, ಒತ್ತಿದ. ಆಗ ಅದು ಹೊರಟಿತು. ಮೆಲ್ಲಗೆ, ಹುಲ್ಲು ತುಂಬಿದ ಬಂಡಿ ಓರೆಯಾಗುವಂತೆ, ಇಡೀ ಇಲಿಜಾಬಾಯಿ, ವಿಲಾಯತಿಯ ರಾಜ್ಯವೇ ವಾಲಿದಂತೆ, ಸುಳಿ ಕರೆದ ಕಡೆಗೆ, ಎಡಕ್ಕೆ, ಎಡಕ್ಕೆ, ಬಿತ್ತು ಇನ್ನೇನು, ಶಕುಂತಲಾಬಾಯಿಯ ಬಾಯಲ್ಲಿ ಬೆಲ್ಲ ಊರಿತು, ಶಾಂತಾಳ ಕಣ್ಣು ದೊಡ್ಡದಾಗಿ ಇವಳ ಕಡೆಗೇ ತಿರುಗಿತು, ಮೂಗು ಸುರಿಸುತ್ತಿದ್ದ ಕಾಲದಲ್ಲಿ ಬಾವಿಯ ಕಟ್ಟೆಯಿಂದ ಜಾರುವಾಗ ನೋಡಿದ ಹಾಗೆ, ದೊಡ್ಡ ವೈನಿ — ಕೂಗಲಿಲ್ಲ, ತುಟಿ ಅಷ್ಟೇ — ಕೈ ಸೆರಗಿನ ಕಡೆ ಅರ್ಧ ಎದ್ದಿತು, ತಟ್ಟೆ ಓರೆಯಾಯಿತು. ಅಷ್ಟರಲ್ಲಿ ಸಣ್ಣ ಪಿನ್ನುಗಳು ಹಿಡಿದವು. ಗುಡ್ಡ ಎಡಕ್ಕೆ ವಾಲಿದ್ದು ವಾಲಿದಲ್ಲೇ ನಿಂತಿತು. ಮುತ್ತು ನಡುಹಣೆಯಿಂದ ಸರಿದು, ಎಡ ಹುಬ್ಬಿನ ಮೇಲೆ ಬಂದು, ತೂಗಾಡಿ, ನಿಂತಿತು.

ಬಜಂತ್ರಿಯವನು ಊದುವುದನ್ನು ಮರೆತ. ಬೀಗತಿ, ರೇವಪ್ಪನ ತಾಯಿ, ಮುಂದೆ ಬಾಗಿದಳು, ಇದೇನ್ರಿ, ತಲಿ ವಾಲ್ಯದಲ್ಲ. ಈಗ ಹೇಳು ಸುಮಿತ್ರಾಬಾಯಿ, ಈಗ ಹೇಳು ನಿನ್ನ ಹೂವಿನ ಕೈಯಿಂದ. ಸುಮಿತ್ರಾ ರೆಪ್ಪೆ ಬಡಿಯಲಿಲ್ಲ. ವಾಲ್ಸೀವ್ರಿ ಬೀಗತ್ಯಾರೆ, ಎಂದಳು, ಸೆರಗು ಸರಿ ಮಾಡಿಕೊಂಡಳು, ಅಳಿಯಂದಿರ ಕೈ ಬಿದ್ದ ಮ್ಯಾಲೆ ಅವರ ಕಡಿ ಬಾಗ್ಬೇಕಂತ ಬಿಟ್ಟೀವಿ, ಹೈದರಾಬಾದಿನಾಗ ಈಗ ಹಿಂಗೇ ಚಾಲೂ ಅದ. ಆಮೇಲೆ ಯಾವಳೋ, ಅಯ್ಯ ಶಿವನೇ, ಎಂಥಾ ಚಂದ, ಎಂದಳು, ಇನ್ನೊಬ್ಬಳು ಎಂದಳು, ನೂರು ಬಾಯಿ ಎಂದವು, ರೇವಪ್ಪ ತಲೆ ತಿರುಗಿಸಿ ಹುಬ್ಬಿನ ಮೇಲಿನ ಮುತ್ತನ್ನು ನೋಡಿದ, ಮುತ್ತಿನ ಕೆಳಗಿನ ಕಣ್ಣನ್ನು ನೋಡಿದ, ಬೆಲ್ಲದ ಕೈಯನ್ನು ಎಲ್ಲಿಡಬೇಕೆಂದು ಮರೆತು ತನ್ನ ತಲೆಯ ಹೊಸ ಜರಿ ರುಮಾಲಿಗೇ ಒರೆಸಿಕೊಂಡ. ಶಾಂತಾ ನಾಚಿದಳು. ಹೆದರಿದ್ದ ಕಣ್ಣು ಅದೇ, ಈಗ ನಾಚಿದ್ದೂ ಅದೇ. ತಾಳಿ ಕಟ್ಟಿದ ಮೇಲೆ ಅವಳನ್ನು ಗಂಡನ ಎಡಕ್ಕೆ ಕೂರಿಸಿದರು, ಈಗ ಗುಡ್ಡ ಗಂಡನ ಕಡೆಯಿಂದ ಆಚೆ ವಾಲಿತ್ತು, ಬೇರೆಯವರ ಗಂಡನ ಕಡೆಗೆ, ಒಬ್ಬರಾದರೂ ಕೇಳಿದರೇ, ಇಲ್ಲ, ಕಣ್ಣಿಗೆ ಚಂದ ಬಿದ್ದ ಮೇಲೆ ಬುದ್ಧಿ ಯಾರಿಗೆ ಬೇಕು.

ಊಟದ ಪಂಕ್ತಿಯಲ್ಲಿ ಅವಳು ಹೋಳಿಗೆಗೆ ತುಪ್ಪ ಬಡಿಸುತ್ತ ಹೋದಳು, ಮೊದಲನೆಯ ಎಲೆ, ಸಿರ್ಗಾಪುರದಿಂದ ಬಂದವಳು, ಬೈತಲೆಮಣಿಯನ್ನು ಆಗಲೇ ಎಡಕ್ಕೆ ಎಳೆದುಕೊಂಡಿದ್ದಾಳೆ, ಪಕ್ಕದವಳು ಮಣಿ ಇಲ್ಲದ್ದಕ್ಕೆ ಮೊಗ್ಗೊಂದನ್ನು ದಾರಕ್ಕೆ ಕಟ್ಟಿ ಎಡ ಹುಬ್ಬಿನ ಮೇಲೆ ಬಿಟ್ಟಿದ್ದಾಳೆ, ಅದರಾಚೆಯವಳು ಗಂಡನ ಅಂಗಿಯ ಗುಂಡಿ ಕಿತ್ತು, ಗುಂಡಿಯೂ ಎಡಕ್ಕೆ, ಸಾಲಿನುದ್ದಕ್ಕೂ ಎಡಕ್ಕೆ, ಅಯ್ಯನವರ ಪೇಟವೂ ಕೊಂಚ ಎಡಕ್ಕೆ ವಾಲಿದಂತೆ ಕಂಡಿತು, ಅಂಗಳದ ಎತ್ತಿನ ಕೊಂಬಿನ ಗೊಂಡೆಯೂ. ನಾಳೆ ಬಂಡಿಯಲ್ಲಿ ಜಹೀರಾಬಾದಿಗೆ ಹೋಗುತ್ತದೆ, ನಾಡಿದ್ದು ತಾಂಡೂರಿನಲ್ಲಿ ಮೇಲ್ ಗಾಡಿ ಹತ್ತುತ್ತದೆ, ಹೈದರಾಬಾದಿನ ಬೇಗಮರು ವಾಲಿಸಿಕೊಳ್ಳುತ್ತಾರೆ, ಹಡಗು ಹತ್ತಿ ವಿಲಾಯತಿಗೆ ಹೋಗುತ್ತದೆ, ಅಲ್ಲಿ ಡಬ್ಬಿಯ ಮೇಲೆ ಹೊಸ ತಸಬೀರು ಬರೆಯುತ್ತಾರೆ, ಎಡ ಹುಬ್ಬಿನ ಮೇಲೆ ಮುತ್ತು, ಕೆಳಗೆ ಹೆಸರು ಸುಮಿತ್ರಾಬಾಯಿ. ಆಗಲೇ ಹೆಸರು ಬಿದ್ದಿತ್ತು, ಸುಮಿತ್ರಾಬಾಯಿ ವಾಲು, ಎನ್ನುತ್ತಿದ್ದರು ಎಲೆ ಎಲೆಗೆ. ಯಾರದು ಆ ವಾಲು. ಡಬ್ಬಿಯಲ್ಲಿ ಇತ್ತೇ, ರಾಣಿ ನೆಟ್ಟಗೆ ಕೂತಿದ್ದಳು. ಸುಮಿತ್ರಾ ಬಯಸಿದಳೇ, ಅವಳೂ ನೆಟ್ಟಗೇ ಬಯಸಿದವಳು. ಜಗತ್ತಿನಲ್ಲಿ ಆ ವಾಲನ್ನು ಮಾಡಿದವಳು ಒಬ್ಬಳೇ, ಸುಳಿ ಗೊತ್ತಿದ್ದವಳು, ಕಡ್ಡಿ ತೆಗೆದವಳು, ಇಷ್ಟು ವರ್ಷ ಹಾಕಿದ ಹೆರಳೆಲ್ಲ ತಾಯಿ ಕಲಿಸಿದ್ದು, ಅತ್ತೆ ಕಲಿಸಿದ್ದು, ಊರು ಕಲಿಸಿದ್ದು, ಇದೊಂದು ಮಾತ್ರ ಯಾರೂ ಕಲಿಸದ್ದು, ಪೂರಾ ತನ್ನದು, ಬಾಯಿ ಬಿಟ್ಟು ಹೇಳಿಕೊಂಡರೆ — ಏನೆಂದು ಹೇಳಿಕೊಳ್ಳಬೇಕು. ತುಪ್ಪ ಹಾಕ್ರಿ ಬೀಗತಿ, ಎಲ್ಲಿ ನೋಡ್ಲಿಕ್ಹತ್ತೀರಿ. ತುಪ್ಪ ಎಲೆ ದಾಟಿ ಹರಿದಿತ್ತು, ಎಡಕ್ಕೆ.

ಸಂಜೆಯ ಮುಂಚೆ ಬಿಡಾರದ ಹೆಂಗಸರ ಕೋಣೆಯಲ್ಲಿ ರೇವಪ್ಪನ ತಂಗಿಯರು ಕೂದಲು ಬಿಚ್ಚಿಕೊಂಡು ಸಾಲಾಗಿ ಕೂತಿದ್ದಾರೆ, ನಮಗೂ ಹಂಗೇ ಹಾಕ್ರಿ ಸುಮಿತ್ರಕ್ಕ, ಮೆರವಣಿಗಿಗೆ, ಬೀಗತಿಯೂ ಬಾಗಿಲಲ್ಲಿ, ಶಾಂತಾ ಗೋಡೆಗೆ ಒರಗಿ, ಮಾಳಮ್ಮ ಅಡಿಕೆ ಕತ್ತರಿಸುತ್ತ, ನಮ್ಮ ಸಣ್ಣಾಕಿ ಕೈಗುಣ ಅದು, ಎನ್ನುತ್ತ. ಗಂಡಸರು ಯಾರೂ ಇಲ್ಲ, ಸೆಕೆ, ತುಪ್ಪದ ಕೆಲಸದಿಂದ ಬೆವೆತು ಬಂದ ಶಕುಂತಲಾಬಾಯಿ ಕಂಬಕ್ಕೆ ಬೆನ್ನು ಕೊಟ್ಟು ಕೂತು ಸೆರಗನ್ನು ಹೆಗಲಿಗೆ ಇಳಿಸಿಕೊಂಡಿದ್ದಾಳೆ, ಗಾಳಿ ಬರಲಿ. ಸುಮಿತ್ರಾ ಮೊದಲನೆಯ ಹುಡುಗಿಯ ತಲೆಗೆ ಬದನೆಕಾಯಿ ಹೂತಳು, ಪಿನ್ನು ಹಾಕಿದಳು, ಅಂಗೈಯಿಂದ ಒತ್ತಿದಳು, ಗುಡ್ಡ ನೆಟ್ಟಗೆ ನಿಂತಿತು. ಗಟ್ಟಿ ಒತ್ತಿದಳು, ನೆಟ್ಟಗೆ. ಈ ಹುಡುಗಿಗೆ ಸುಳಿ ನಡುನೆತ್ತಿಯಲ್ಲಿದೆ, ಇಲ್ಲಿಂದಲೇ ಕಾಣುತ್ತಿದೆ, ಸಾಯುವ ತನಕ ಒತ್ತಿದರೂ ವಾಲುವುದಿಲ್ಲ. ವಾಲ್ವಲ್ದು, ಎಂದು ಹುಡುಗಿ ಅಳುವ ಮುಖ ಮಾಡಿದಳು. ಸುಮಿತ್ರಾಳ ಹಣೆಯಲ್ಲಿ ಬೆವರು, ಮೊದಲ ಸಲ, ಬೆಳಗಿನಿಂದ ಮೊದಲ ಸಲ, ಆಹಾ, ಬಾ, ಈಗ ಬಾ, ಅಕ್ಕಾ ಅನ್ನು, ಎಲ್ಲರ ಮುಂದೆ ಕೇಳು. ಸುಮಿತ್ರಾ ಬಾಚಣಿಗೆ ಹಿಡಿದು ಎದ್ದು ಬಂದಳು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು, ಅಕ್ಕಾ, ಖರೇ ಹೇಳ್ಬೇಕಂದ್ರ ನನಗೇನ್ ಗೊತ್ತಿಲ್ಲ, ಅದು ಹ್ಯಾಂಗ ವಾಲ್ತೋ, ಎದಿ ಒಡದಿತ್ತು ನನಗ, ಬಾಯಿಗೆ ಬಂದದ್ದು ಅಂದೆ, ಶಾಂತಾನ ತಲಿ ನಿಮಗ ಗೊತ್ತು, ನೀವೇ ಮಾಡ್ರಿ ಇವರಿಗೆ, ನೀವು ಕಲಿಸ್ರಿ, ಎಲ್ಲಾರಿಗೂ ನಾನೇ ಹೇಳ್ತೀನಿ ಇದು ನಮ್ಮಕ್ಕಂದು ಅಂತ — ಬಾಚಣಿಗೆಯನ್ನು ಶಕುಂತಲಾಬಾಯಿಯ ಕೈಯಲ್ಲಿಟ್ಟಳು, ಇಟ್ಟಳು, ಬಾಚಣಿಗೆ ಕೈಗೆ ಬಂತು, ಎಲ್ಲರೂ ನೋಡುತ್ತಿದ್ದಾರೆ, ಬೀಗತಿ, ಮಾಳಮ್ಮ, ಶಾಂತಾ, ಜಹೀರಾಬಾದಿನಿಂದ ತಾಂಡೂರಿನ ತನಕ ಒಂದೇ ಕೈ, ಅವಳು ಏಳುವುದಕ್ಕೆ ಒಂದು ಕೈ ನೆಲಕ್ಕೂರಿ ತಲೆ ಬಗ್ಗಿಸಿದಳು, ಬಗ್ಗಿಸಿದ ತಲೆಯ ಮೇಲೆ ಸುಮಿತ್ರಾಳ ಮಾತು ಬಿತ್ತು, ಮೆಲ್ಲಗೆ, ಅಕ್ಕಾ, ನಿಮ್ಮ ತುರುಬಿನಾಗ ಅದೇನು ಹೊಳೀಲಿಕ್ಹತ್ಯದ.

ನೆತ್ತಿಗೆ ತಣ್ಣಗಿನ ಮೊನೆ, ಬಾಚಣಿಗೆ, ಕೋಣೆ, ಅಡಿಕೆ ಕತ್ತರಿಯ ಸದ್ದು ನಿಂತಿತು, ಏನಾದರೂ ಹೇಳಬೇಕು, ಸಲೀಸಾಗಿ, ಬೆಳಗ್ಗೆ ಬಂದ ಹಾಗೆ, ಎಷ್ಟು ಸಲೀಸಾಗಿ ಬಂದಿತ್ತು, ಬರುತ್ತಿಲ್ಲ, ತಲೆ ಎತ್ತಿದರೆ ಎದುರಿಗೆ ಶಾಂತಾ, ಶಾಂತಾಳ ಎಡಗಣ್ಣು, ನೋಡುತ್ತಿರುವ ಎಡಗಣ್ಣು, ಅದರ ಮೇಲೆ ಹುಬ್ಬು, ಎಡ ಹುಬ್ಬಿನ ಮೇಲೆ ಮುತ್ತು, ತೂಗುತ್ತಿದೆ, ಮುತ್ತು, ಎಡ ಹುಬ್ಬಿನ ಮೇಲೆ, ಮುತ್ತು —